ಉಳುಕದ ಕಾಲು

ಶಿವಗಂಗಾ ದಾರಿ ತಪ್ಪಿದ್ದನ್ನು ಕಂಡವರು ಯಾರೂ ಇಲ್ಲ. ಹುಟ್ಟಿದ್ದು ನಾರ್ವೆಯ ಸ್ಟವಾಂಗರ್‌ನಲ್ಲಿ. ಅಪ್ಪ ನಾಗಭೂಷಣ ದಾವಣಗೆರೆಯವನು, ಸಮುದ್ರದಡಿಯಿಂದ ಎಣ್ಣೆ ಎತ್ತುವ ಕಂಪನಿಯಲ್ಲಿ ಪಂಪಿನ ಎಂಜಿನಿಯರ್. ಆ ದೇಶದಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿದಷ್ಟೇ ಸಲೀಸಾಗಿ ನಕ್ಷೆ ಓದುವುದನ್ನು ಕಲಿಸುತ್ತಾರೆ. ಏಳು ವರ್ಷದ ಕೂಸಿನ ಕೈಗೆ ನಕ್ಷೆ ಮತ್ತು ದಿಕ್ಸೂಚಿ ಕೊಟ್ಟು ಕಾಡಿಗೆ ಅಟ್ಟುತ್ತಾರೆ. ಮಿಕ್ಕ ಮಕ್ಕಳು ಅತ್ತರು. ಇವಳು ಎಲ್ಲರಿಗಿಂತ ಮೊದಲು ಹೊರಗೆ ಬಂದಳು. ಅಲ್ಲಿಂದ ಶುರುವಾಯಿತು ಅನಿಷ್ಟ.

ಆ ಆಟಕ್ಕೆ ಓರಿಯೆಂಟಿಯರಿಂಗ್ ಅಂತ ಹೆಸರು. ಗುಡ್ಡದಲ್ಲಿ, ಜೌಗಿನಲ್ಲಿ, ಬಂಡೆಯ ಹಿಂದೆ ಅಲ್ಲಲ್ಲಿ ಕಿತ್ತಳೆ-ಬಿಳಿ ಬಾವುಟ ಕಟ್ಟಿರುತ್ತಾರೆ. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ನಕ್ಷೆ ನೋಡಿಕೊಂಡು ಓಡುತ್ತಾ, ಒಂದರಿಂದ ಕೊನೆಯದರವರೆಗೆ ಅದೇ ಕ್ರಮದಲ್ಲಿ ಹುಡುಕಿ, ಬೆರಳಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಅನ್ನು ಅಲ್ಲಿರುವ ಪೆಟ್ಟಿಗೆಗೆ ತಾಗಿಸಿ ಕೀಂ ಅನ್ನಿಸಬೇಕು. ಯಾವ ದಾರಿ ಹಿಡಿಯುತ್ತೀಯೋ ನಿನ್ನಿಷ್ಟ. ಒಂದು ಬಿಟ್ಟರೂ ಓಡಿದ್ದೆಲ್ಲ ನೀರಲ್ಲಿಟ್ಟ ಹೋಮ, ನೀನು ಪಟ್ಟಿಯಲ್ಲೇ ಇಲ್ಲ. ಮೊದಲ ದಿನವೇ ಮೇಷ್ಟ್ರು ಇನ್ನೊಂದು ಕಟ್ಟಳೆಯನ್ನೂ ಹೇಳಿಕೊಟ್ಟಿದ್ದರು. ಗೆಲ್ಲಿ, ಸೋಲಿ, ಅರ್ಧಕ್ಕೇ ಬಿಟ್ಟು ಅಳುತ್ತಾ ಬನ್ನಿ, ಕೊನೆಗೆ ಚಿಪ್ ಓದುವ ಯಂತ್ರವಿರುವ ಡೌನ್‌ಲೋಡ್ ಟೆಂಟಿಗೆ ಬಂದು ಚಿಪ್ ತೋರಿಸಲೇಬೇಕು. ತೋರಿಸದೆ ಮನೆಗೆ ಹೋದರೆ ನೀವಿನ್ನೂ ಕಾಡಿನಲ್ಲಿದ್ದೀರಿ ಅಂತಲೇ ಅರ್ಥ. ನಿಮ್ಮನ್ನು ಹುಡುಕಲು ಜನ ಹೊರಡುತ್ತಾರೆ.

ಹತ್ತೊಂಬತ್ತಕ್ಕೆ ಶಿವಗಂಗಾ ನಾರ್ವೆಯ ಕೆಂಪು ಅಂಗಿ ತೊಟ್ಟು ಕಿರಿಯರ ವಿಶ್ವ ರಿಲೇಯಲ್ಲಿ ಓಡಿದಳು. ಸ್ವೀಡನ್ನಿನ ಕಾಡು, ಮೂವರ ತಂಡ. ಮೊದಲಿಬ್ಬರು ಹುಡುಗಿಯರು ಮುನ್ನಡೆ ತಂದು ಇವಳ ಕೈಗಿತ್ತರು. ಇವಳು ಒಂದು ನಿಮಿಷ ಮುಂಚೆಯೇ ಗುರಿ ಮುಟ್ಟಿದಳು. ಟೆಂಟಿನಲ್ಲಿ ಚಿಪ್ ತೋರಿಸಿದಾಗ ಯಂತ್ರ ಕೆಂಪಗಾಯಿತು. ಹತ್ತರಿಂದ ನೇರ ಹನ್ನೆರಡಕ್ಕೆ ಹೋಗಿದ್ದಳು, ಹನ್ನೊಂದು ಇರಲಿಲ್ಲ. ಮೂವರ ಒಂದು ವರ್ಷ ಮಣ್ಣುಪಾಲು. ನಾರ್ವೆಯವರು ಬೈಯುವ ಜನವಲ್ಲ. ಗೆಳತಿಯರು ಷೂ ಬಿಚ್ಚಿದರು, ಜಾಕೆಟ್ ಹಾಕಿಕೊಂಡರು, ಬಿಡಾರಕ್ಕೆ ಹೋಗುವ ಬಸ್ಸಿನಲ್ಲಿ ಬೇರೆ ಸೀಟು ಹಿಡಿದರು. ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ಬಾರಿಸಲು ಅಪ್ಪನಿದ್ದ. ಅವನು ಕೈಯೆತ್ತಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಕನ್ನಡಿಯಲ್ಲಿ ಅವಳನ್ನು ನೋಡುತ್ತಾ ಹೇಳಿದ:

"ಒಂದರಿಂದ ಇಪ್ಪತ್ತು ಎಣಿಸೋಕೆ ಬರಲ್ವೇನೇ ನಿನಗೆ?"

ಅವಳು ಕಿಟಕಿಯ ಕಡೆ ತಿರುಗಿದಳು.

"ಎಣಿಸು."

"ಅಪ್ಪಾ..."

"ಎಣಿಸು ಅಂದೆ. ಜೋರಾಗಿ."

ಎಣಿಸಿದಳು. ಮುಗಿದ ಮೇಲೆ "ಇನ್ನೊಂದ್ಸಲ" ಅಂದ. ಒಂಬತ್ತು ಗಂಟೆಯ ದಾರಿ. ಮುಂದಿನ ಸೀಟಿನಲ್ಲಿ ಅಮ್ಮ ಶುಭಾ ಕಣ್ಣು ಮುಚ್ಚಿಕೊಂಡು ನಿದ್ದೆಯ ಸೋಗು ಹಾಕಿದ್ದಳು. ಆಸ್ಲೋ ದಾಟುವ ಹೊತ್ತಿಗೆ ಮಗಳ ಗಂಟಲು ಕಟ್ಟಿತ್ತು. ದನಿ ಒಂದಿಷ್ಟು ಇಳಿದರೂ ಅವನು "ಕೇಳಿಸ್ತಿಲ್ಲ" ಅನ್ನುತ್ತಿದ್ದ.

ಆಮೇಲೆ ಏಳು ವರ್ಷ ಅವಳ ಹೆಸರು ಹಿರಿಯರ ತಂಡದ ಪಟ್ಟಿಗೆ ಬರಲಿಲ್ಲ. ಐದನೆಯವಳಾಗಿ ಬಂದರೆ ನಾಲ್ವರನ್ನು ಆರಿಸುತ್ತಿದ್ದರು, ನಾಲ್ಕನೆಯವಳಾಗಿ ಬಂದರೆ ಮೂವರನ್ನು. ಅಷ್ಟರಲ್ಲಿ ಅಪ್ಪನ ಕಂಪನಿ ಬಾವಿ ಮುಚ್ಚಿತು, ಅವನು ಬರ್ಮಿಂಗ್‌ಹ್ಯಾಂನಲ್ಲಿ ಕೆಲಸ ಹಿಡಿದ. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ, ಮೂವತ್ತು ವರ್ಷದ ಮಾರ್ಟ್‌ಗೇಜ್, ಹಾಲ್‌ನ ಗೋಡೆಯ ತುಂಬ ಮಗಳ ಮೆಡಲ್. ನಕ್ಷೆ ತಯಾರಿಸುವ ವಿದ್ಯೆಯಲ್ಲಿ ಎಂ.ಎಸ್‌ಸಿ. ಮಾಡುವ ನೆಪ ಹೇಳಿ ಶಿವಗಂಗಾ ಲೀಡ್ಸ್‌ಗೆ ಓಡಿದಳು. ಹೆಡಿಂಗ್ಲೀಯಲ್ಲಿ ಐವರ ಜೊತೆ ಒಂದು ಮನೆ. ಅಪ್ಪನಿಗೂ ಅವಳಿಗೂ ನಡುವೆ ಎರಡೂವರೆ ಗಂಟೆಯ ದೂರ. ಅದು ಸಾಲಲಿಲ್ಲ.

ಲೀಡ್ಸ್‌ನ ಕ್ಲಬ್ಬಿನಲ್ಲಿ ಡೌನ್‌ಲೋಡ್ ಟೆಂಟ್ ನೋಡಿಕೊಳ್ಳುತ್ತಿದ್ದವನು ಡೆರೆಕ್. ಎಪ್ಪತ್ತೆರಡು ವಯಸ್ಸು, ಮೂವತ್ತೈದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ಮೂಗಿನಲ್ಲಿ ಸದಾ ಒಂದು ಹನಿ ನೇತಾಡುತ್ತಿರುತ್ತಿತ್ತು. ಶಿವಗಂಗಾ ಅನ್ನಲು ನಾಲಿಗೆ ಹೊರಳಲಿಲ್ಲ, ಮೊದಲ ದಿನವೇ "ನಾರ್ವೆ" ಅಂತ ಹೆಸರಿಟ್ಟ.

"ಹ್ಯಾಗಾಯ್ತು ನಾರ್ವೆ? ದಾರಿ ತಪ್ಪಿದೆಯಾ?"

"ಇಲ್ಲ ಡೆರೆಕ್."

"ಥೂ. ಒಂದ್ಸಲನಾದ್ರೂ ತಪ್ಪಿ ನಮಗೂ ಖುಷಿ ಕೊಡಮ್ಮ."

ಹೆಂಡತಿ ಮಾರೀನ್ ಮಾಡಿದ ಓಟ್ಸ್ ಬರ್ಫಿಯ ತುಂಡನ್ನು ಕೈಗೆ ತುರುಕುತ್ತಿದ್ದ. ಎಲ್ಲರೂ ಬಂದರೇ ಎಂದು ಪಟ್ಟಿಗೆ ಟಿಕ್ ಹಾಕದೆ ಅವನು ಯಾವತ್ತೂ ಟೆಂಟ್ ಕಳಚಿದವನಲ್ಲ. ಕೊನೆಯ ಟ್ರಿಪ್ಪಿನ ಬಸ್ಸಿನಲ್ಲಿ ಯಾರಾದರೂ ನಿದ್ದೆ ಹೋಗಿದ್ದಾರೋ ಎಂದು ಸೀಟು ಸೀಟು ನೋಡಿದವನ ಅಭ್ಯಾಸ ಅದು. ನಾಗಭೂಷಣ ಪ್ರತಿ ಓಟಕ್ಕೂ ಕಾರು ಹಾಕಿಕೊಂಡು ಬರುತ್ತಿದ್ದ, ಆದರೆ ಡೆರೆಕ್‌ನ ಮುಖ ನೋಡಿ ಒಂದು ದಿನವೂ ನಮಸ್ಕಾರ ಹೇಳಿದವನಲ್ಲ. ಬಸ್ ಡ್ರೈವರ್ ಎಂದರೆ ಅವನ ಕಣ್ಣಿಗೆ ಕೈ ಅಡ್ಡ ಹಾಕಿದರೆ ನಿಲ್ಲಬೇಕಾದ ಆಳು. ದಾವಣಗೆರೆ ಬಿಟ್ಟು ಮೂವತ್ತು ವರ್ಷವಾದರೂ ಆ ಕಣ್ಣು ಅಲ್ಲಿಯದೇ.

ಎರಡು ಚಳಿಗಾಲ ಉತ್ತರ ಇಂಗ್ಲೆಂಡಿನ ಓಟಗಳನ್ನೆಲ್ಲ ಶಿವಗಂಗಾ ಗೆದ್ದಳು. ಮೂರನೆಯದರಲ್ಲಿ ನಾರ್ವೆಯ ಆಯ್ಕೆಗಾರರಿಂದ ಪತ್ರ ಬಂತು. ದೇಶದ ಹೊರಗೆ ಓಡುವವರಿಗೆ ಒಂದು ಜಾಗ ಇಟ್ಟಿದ್ದೇವೆ. ಫೆಬ್ರುವರಿಯಲ್ಲಿ ಯಾರ್ಕ್‌ಷೈರಿನ ರೇವನ್‌ಗಿಲ್ ಬಯಲಿನ ಓಟದಲ್ಲಿ ಮೊದಲ ಮೂವರಲ್ಲಿ ಬಂದರೆ ನೀನು ತಂಡದಲ್ಲಿ. ಬರದಿದ್ದರೆ ಅಥವಾ ಕಂಟ್ರೋಲ್ ಬಿಟ್ಟು ಅನರ್ಹಳಾದರೆ ಇದೇ ಕೊನೆ. ಗಾಯವಾಗಿ ಬಿಟ್ಟರೆ ಮಾತ್ರ ಮೇ ತಿಂಗಳಲ್ಲಿ ಇನ್ನೊಂದು ಅವಕಾಶ. ಇಪ್ಪತ್ತಾರು ತುಂಬಿದವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ನಾಗಭೂಷಣ ಆ ಪತ್ರವನ್ನು ಪ್ರಿಂಟ್ ಹಾಕಿ ಸಟನ್ ಕೋಲ್ಡ್‌ಫೀಲ್ಡ್ ಮನೆಯ ಫ್ರಿಜ್ಜಿಗೆ ಅಂಟಿಸಿದ. ಗಾಯದ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದ. ಎಂಜಿನಿಯರ್ ಅಲ್ಲವೇ, ತುರ್ತು ಬಾಗಿಲು ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳುವ ಜಾತಿ.

ಓಟದ ದಿನ ಮಂಜು ಬಯಲಿನ ಮೇಲೆ ಒದ್ದೆ ಕಂಬಳಿಯಂತೆ ಬಿದ್ದಿತ್ತು. ಜಾಕೆಟ್, ಸೀಟಿ, ತುರ್ತಿಗೆ ಮಾತ್ರ ಎಂದು ಸೀಲ್ ಮಾಡಿದ ಚೀಲದಲ್ಲಿ ಫೋನ್ ಎಲ್ಲರ ಸೊಂಟದಲ್ಲೂ ಇರಬೇಕೆಂದು ಆಯೋಜಕರು ಹೇಳಿದರು. ಶಿವಗಂಗಾ ಡೆರೆಕ್‌ನ ಮೇಜಿನ ಪಕ್ಕ ನಿಂತು ಲೇಸ್ ಕಟ್ಟುತ್ತಿದ್ದಳು. ಅಪ್ಪ ಬಂದು ಬಗ್ಗಿ ನಿಂತ.

"ಗಂಗಾ, ಹನ್ನೊಂದಾದ ಮೇಲೆ ಎಷ್ಟು?"

"ಅಪ್ಪಾ, ಪ್ಲೀಸ್."

"ಹೇಳು."

"ಹನ್ನೆರಡು."

"ಹನ್ನೆರಡಾದ ಮೇಲೆ?"

"ಹದಿಮೂರು. ಸಾಕು ಬಿಡಿ."

"ನಿನಗೆ ಸಾಕು, ನನಗೆ ಸಾಕಾಗಿಲ್ಲ."

ಅವನು ಅತ್ತ ಹೋದ ಮೇಲೆ ಡೆರೆಕ್ ಕೇಳಿದ, "ಏನಂತಾರೆ ನಿಮ್ಮಪ್ಪ?"

"ಪ್ರಾರ್ಥನೆ."

"ನಮ್ಮದೂ ಸೇರಿಸ್ಕೊ" ಅಂದ ಡೆರೆಕ್, ಮೂಗು ಒರೆಸಿಕೊಂಡ.

ಮೊದಲ ಹನ್ನೊಂದು ಕಂಟ್ರೋಲುಗಳನ್ನು ಅವಳು ತನ್ನ ಮನೆಯ ಬೀರುವಿನಿಂದ ಬಟ್ಟೆ ತೆಗೆದಂತೆ ತೆಗೆದಳು. ಮಂಜಿನಲ್ಲಿ ಮಿಕ್ಕವರು ಕುರುಡು ಕೋಳಿಗಳಂತೆ ತಡವರಿಸುತ್ತಿದ್ದರೆ ಇವಳ ಕಾಲಿಗೆ ನೆಲವೇ ದಾರಿ ಹೇಳುತ್ತಿತ್ತು. ಎರಡು ನಿಮಿಷದಷ್ಟು ಮುಂದಿದ್ದಳು. ಹನ್ನೊಂದರಿಂದ ಕಲ್ಲಿನ ಗೋಡೆ ಹಿಡಿದು ಹೊರಟಾಗ ತಲೆಯೊಳಗೆ ಒನಕೆ ಕುಟ್ಟಿದ ಹಾಗೆ ಹನ್ನೆರಡು, ಹನ್ನೆರಡು, ಹನ್ನೆರಡು. ಅಷ್ಟು ಸಲ ಹೇಳಿಕೊಂಡದ್ದಕ್ಕೋ ಏನೋ, ಮುಟ್ಟಿಯಾಯಿತು ಎಂದು ಮೈ ನಂಬಿಬಿಟ್ಟಿತು. ಹನ್ನೆರಡನೆಯದು ಗೋಡೆಯಿಂದ ನಲವತ್ತು ಹೆಜ್ಜೆ ಎಡಕ್ಕೆ, ತೊರೆಯ ಕೊರಕಲಿನಲ್ಲಿತ್ತು. ಅವಳು ಗೋಡೆ ಬಿಡದೆ ಹದಿಮೂರಕ್ಕೆ ಹೋದಳು. ಹದಿನಾಲ್ಕು, ಹದಿನೈದು. ಹದಿನಾರರಲ್ಲಿ ನಕ್ಷೆ ಮಡಚುವಾಗ ಆ ಕೊರಕಲು ಕಣ್ಣಿಗೆ ಬಿತ್ತು. ಅದರಲ್ಲಿ ಇಳಿದ ನೆನಪಿಲ್ಲ. ಷೂ ನೋಡಿಕೊಂಡಳು. ಮೊಣಕಾಲ ಕೆಳಗೆ ತೊರೆಯ ನೀರಿಲ್ಲ, ಬರೀ ಕೆಸರು.

ಹಿಂದಕ್ಕೆ ಹೋಗಿ ಬರಲು ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಹತ್ತು ಜನ ದಾಟುತ್ತಾರೆ. ಹೋಗದಿದ್ದರೆ ಟೆಂಟಿನಲ್ಲಿ ಯಂತ್ರ ಕೆಂಪಗಾಗುತ್ತದೆ. ಯಂತ್ರದ ಹಿಂದೆ ಡೆರೆಕ್, ಡೆರೆಕ್‌ನ ಹಿಂದೆ ಅಪ್ಪ. ಹದಿನಾರರ ಪೆಟ್ಟಿಗೆಗೆ ಚಿಪ್ ತಾಗಿಸಲಿಲ್ಲ. ಗುಡ್ಡದ ಆಚೆ ಬದಿಗೆ ಇಳಿದರೆ ಟಾರು ರಸ್ತೆ, ಲೀಡ್ಸ್‌ಗೆ ಹೋಗುವ ಬಸ್ಸು. ಇಳಿದಳು.

ಬಸ್ಸಿನಲ್ಲಿ ಚೀಲ ಹರಿದು ಫೋನ್ ತೆಗೆದು ಅಪ್ಪನಿಗೆ ಬರೆದಳು: "ಹನ್ನೆರಡು ಬಿಟ್ಟೆ. ಮನೆಗೆ ಹೋಗ್ತಿದೀನಿ. ಟೆಂಟಲ್ಲಿ ಹೇಳ್ಬಿಡಿ." ಆಗ ಹೊತ್ತು ಮಧ್ಯಾಹ್ನ ಒಂದು ಹತ್ತು. ಅಪ್ಪ ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಎರಡೂ ಮುಕ್ಕಾಲಿಗೆ ಅವಳು ಹೆಡಿಂಗ್ಲೀಯ ಮನೆಯಲ್ಲಿ ಸ್ನಾನದ ತೊಟ್ಟಿಗೆ ಬಿಸಿನೀರು ಬಿಟ್ಟು ಕುಳಿತಿದ್ದಾಗ ಅವನ ಫೋನ್ ಬಂತು.

"ಮನೆ ಸೇರಿದ್ಯಾ?"

"ಹೂಂ. ಹೇಳಿದ್ರಾ ಅವರಿಗೆ?"

"ಕೇಳಿಲ್ಲಿ. ಹನ್ನೆರಡರ ಮಾತು ಯಾರ ಹತ್ರನೂ ಎತ್ತಬೇಡ. ನಿನ್ನ ಕಾಲು ಉಳುಕಿದೆ."

"ಏನು?"

"ಬಲಗಾಲು. ಹದಿನಾರರ ಹತ್ರ ಉಳುಕ್ತು, ಕುಂಟ್ಕೊಂಡು ರಸ್ತೆಗೆ ಇಳಿದೆ, ಫೋನ್ ಸತ್ತಿತ್ತು. ಯಾರೋ ಕಾರಲ್ಲಿ ಬಿಟ್ರು. ಸಂಜೆ ನಾನೇ ಹೇಳ್ತೀನಿ. ಮೇ ತಿಂಗಳದ್ದು ಇದೆ ನಮಗೆ."

"ಅಪ್ಪಾ, ಎರಡೂವರೆಗೆ ಓಟದ ಹೊತ್ತು ಮುಗಿದಿದೆ. ಹುಡುಕೋಕೆ ಹೋಗ್ತಾರೆ."

"ಹೋಗ್ಲಿ. ಹುಡುಕಿದ್ರೇನೇ ನಂಬೋದು. ಒಂದು ರೌಂಡ್ ಹೋಗಿ ಬರ್ತಾರೆ, ಅವರಿಗೇನು, ದಿನಾ ಓಡೋ ಜನ. ಈ ಒಂದ್ಸಲನಾದ್ರೂ ಹೇಳಿದ್ದು ಕೇಳು. ಫೋನ್ ಆಫ್ ಮಾಡು."

ತೊಟ್ಟಿ ತುಂಬುವಷ್ಟು ಹೊತ್ತು ಅವಳು ಯೋಚಿಸಿದಳು. ಆಯೋಜಕರ ನಂಬರ್ ನಕ್ಷೆಯ ಮೂಲೆಯಲ್ಲೇ ಅಚ್ಚಾಗಿತ್ತು. ನಕ್ಷೆ ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಏಳು ವರ್ಷದ ಕೂಸಿಗೂ ಗೊತ್ತಿರುವ ಕಟ್ಟಳೆ ಅವಳಿಗೆ ಮರೆತಿರಲಿಲ್ಲ. ಕೆಂಪು ಅಂಗಿಯೂ ಮರೆತಿರಲಿಲ್ಲ. ಫೋನ್ ಆಫ್ ಮಾಡಿ ನೀರಿಗೆ ಇಳಿದಳು.

ಟೆಂಟಿನಲ್ಲಿ ನಡೆದದ್ದು ಅವಳಿಗೆ ಆಮೇಲೆ ಚೂರು ಚೂರಾಗಿ ತಿಳಿಯಿತು. ಪಟ್ಟಿಯಲ್ಲಿ ಒಂದೇ ಒಂದು ಹೆಸರಿಗೆ ಟಿಕ್ ಬಿದ್ದಿರಲಿಲ್ಲ. ದಾರಿ ತಪ್ಪಿರಬಹುದು, ಇನ್ನರ್ಧ ಗಂಟೆ ಕಾಯೋಣ ಅಂದರು ಆಯೋಜಕರು. ಡೆರೆಕ್ ಒಪ್ಪಲಿಲ್ಲ. "ಬೇರೆ ಯಾರಾದ್ರೂ ಆಗಿದ್ರೆ ಕಾಯಬಹುದಿತ್ತು. ನಾರ್ವೆ ದಾರಿ ತಪ್ಪೋಳಲ್ಲ. ಬಿದ್ದಿದ್ದಾಳೆ" ಅಂದ. ನಾಗಭೂಷಣನ ಕಡೆ ತಿರುಗಿ, "ಏನಾದ್ರೂ ಸುದ್ದಿ ಬಂತಾ ಸಾರ್?" ಅಂತ ಕೇಳಿದ. "ಇಲ್ಲ. ಅವಳ ಬಲಗಾಲು ಸ್ವಲ್ಪ ವೀಕು" ಅಂದ ನಾಗಭೂಷಣ. ಸುಳ್ಳಿಗೆ ಮೊದಲ ಕಲ್ಲು ಇಟ್ಟಾಯಿತು. ಎಳೆಯರು ಓಡಿ ದಣಿದಿದ್ದರು. ಬಯಲನ್ನು ಬಲ್ಲವನು ತಾನೇ ಎಂದು ಡೆರೆಕ್ ಟಾರ್ಚ್ ಹಿಡಿದು ಹೊರಟ. ಹಿಂದಿನಿಂದ ಮತ್ತಿಬ್ಬರು ಬೇರೆ ದಿಕ್ಕಿಗೆ ಹೋದರು. ನಾಗಭೂಷಣ ಕಾರಿನ ಹೀಟರ್ ಹಾಕಿಕೊಂಡು ಕುಳಿತ.

ಡೆರೆಕ್ ಮೊದಲು ಹೋದದ್ದು ಹನ್ನೆರಡನೆಯ ಕಂಟ್ರೋಲಿನ ಕೊರಕಲಿಗೆ. ಬೀಳುವವರು ಬೀಳುವ ಜಾಗ ಅದೇ. ಅವನೇ ಬಿದ್ದ. ಸೊಂಟದ ಮೂಳೆ ಮುರಿದು, ಅರ್ಧ ಮೈ ತೊರೆಯಲ್ಲಿ, ಮೇಲೆ ಹಿಮಮಳೆ. ಆರು ಗಂಟೆಗೆ ಉಳಿದವರು ಅವನನ್ನು ಕಂಡರು. ಆಮೇಲೆ ನಾಗಭೂಷಣ ಕಾರಿನಿಂದ ಇಳಿದು, ಮಗಳು ಕಾಲು ಉಳುಕಿ ಮನೆ ಸೇರಿದ್ದಾಳಂತೆ ಅಂದ. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಆಗಿ ಸತ್ತ.

ಬೇಕೆಂದರೆ ವಿಧಿ ಅನ್ನಬಹುದು. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಹಾಗೆ ಅಂದವರೂ ಇದ್ದಾರೆ. ಫೋನ್ ಇದ್ದವರು ಇಬ್ಬರು, ಬಾಯಿ ಇದ್ದವರು ಇಬ್ಬರು. ಇದರಲ್ಲಿ ವಿಧಿಗೆ ಎಲ್ಲಿ ಜಾಗ?

ಮೂರು ವಾರದ ಮೇಲೆ ಕ್ರಿಕೆಟ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ವಿಚಾರಣೆ. ಉದ್ದ ಮೇಜಿನ ಆಚೆ ಕ್ರೀಡಾ ಮಂಡಳಿಯ ಮೂವರು, ಮೂಲೆಯಲ್ಲಿ ಮಾರೀನ್, ಕೋಟು ಬಿಚ್ಚದೆ. ಕಾಲು ಉಳುಕಿದ ಕಥೆಯನ್ನು ನಾಗಭೂಷಣ ನಿಂತುಕೊಂಡು, ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ಹಾಗೆ ಒಪ್ಪಿಸಿದ. ಮಧ್ಯದಲ್ಲಿ ಕುಳಿತ ಹೆಂಗಸು ಶಿವಗಂಗಾಳ ಕಡೆ ತಿರುಗಿದಳು.

"ಯಾರಿಗಾದರೂ ತಿಳಿಸಿದ್ದೆಯಾ ನೀನು?"

ಶಿವಗಂಗಾಳ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ತಾನು ತಿಳಿಸಿದ್ದು ರುಜುವಾತಾದರೆ ತಪ್ಪು ತನ್ನದಲ್ಲ. ತಪ್ಪು ತನ್ನದಲ್ಲದಿದ್ದರೆ ನಾರ್ವೆಯವರ ಪಟ್ಟಿಯಲ್ಲಿ ಇನ್ನೂ ಒಂದು ಕೂದಲೆಳೆಯಷ್ಟು ಜಾಗ ಉಳಿದಿರಬಹುದು. ಫೋನ್ ತೆಗೆದು ಮೇಜಿನ ಮೇಲೆ ಇಟ್ಟಳು. "ಒಂದು ಹತ್ತಕ್ಕೆ ಅಪ್ಪನಿಗೆ ತಿಳಿಸಿದ್ದೆ. ಟೆಂಟಿನಲ್ಲಿ ಹೇಳಿ ಅಂದಿದ್ದೆ. ಇವರು ಹೇಳಲಿಲ್ಲ." ಆ ಮೂರು ಸಾಲಿನ ಕನ್ನಡವನ್ನು ತಾನೇ ಇಂಗ್ಲಿಷಿಗೆ ಬಿಡಿಸಿ ಹೇಳಿದಳು. ಉಳುಕು ಅಲ್ಲೇ ಸತ್ತಿತು. ಎರಡೂ ಮುಕ್ಕಾಲಿನ ಕರೆಯನ್ನು ಹಿಂದಿನ ದಿನವೇ ಅಳಿಸಿದ್ದಳು.

ನಾಗಭೂಷಣ ಮಗಳನ್ನು ನೋಡಿದ. ಕಾರಿನ ಕನ್ನಡಿಯಲ್ಲಿ ನೋಡುತ್ತಿದ್ದ ಅದೇ ನೋಟ.

"ಎಲಾ ಇವಳಾ!" ಎಂದು ಕನ್ನಡದಲ್ಲಿ ಅಂದು ತನ್ನ ಫೋನನ್ನು ಅವಳ ಫೋನಿನ ಪಕ್ಕ ಇಟ್ಟ. "ಎರಡು ನಲವತ್ತೈದು. ನಾಲ್ಕು ನಿಮಿಷ ಮಾತಾಡಿದ್ದೀವಿ. ಹುಡುಕೋಕೆ ಹೋಗ್ತಾರೆ ಅಂತ ಅವಳೇ ಅಂದ್ಲು. ಗೊತ್ತಿದ್ದೇ ಫೋನ್ ಆಫ್ ಮಾಡಿದ್ಲು. ಕೇಳಿ."

ಎರಡು ಫೋನುಗಳು ಮೇಜಿನ ಮೇಲೆ ಅಕ್ಕಪಕ್ಕ ಬೆಳಗುತ್ತಿದ್ದವು. ಅಪ್ಪ ಮಗಳನ್ನು ಮುಳುಗಿಸಿದ, ಮಗಳು ಅಪ್ಪನನ್ನು. ನಾಯಿಗಳಾದರೂ ಬೊಗಳಿ ಕಚ್ಚಾಡುತ್ತವೆ.

ಮಾರೀನ್ ಎದ್ದು ನಿಂತಳು. ಅಳುತ್ತಿರಲಿಲ್ಲ. ಶಿವಗಂಗಾಳ ಎದುರಿಗೆ ಬಂದು ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಹೇಳಿದಳು:

"ಆಸ್ಪತ್ರೆಯಲ್ಲಿ ದಿನಾ ಕೇಳ್ತಿದ್ದ. ನಾರ್ವೆ ಸಿಕ್ಕಳಾ ಅಂತ. ಸಿಕ್ಕಳು ಅಂದೆ. ಎಲ್ಲಿ ಸಿಕ್ಕಳು ಅಂದ. ಮನೆಯಲ್ಲಿ ಬೆಚ್ಚಗೆ ಇದ್ದಳು ಅಂತ ಹ್ಯಾಗೆ ಹೇಳಲಿ? ಹದಿನಾರರ ಹತ್ತಿರ ಅಂದೆ. 'ನೋಡು, ನಾನು ತಪ್ಪು ಜಾಗದಲ್ಲಿ ಹುಡುಕಿದೆ' ಅಂತ ನೊಂದ್ಕೊಂಡ. ನೊಂದ್ಕೊಂಡೇ ಸತ್ತ."

ಶಿವಗಂಗಾ ಬಾಯಿ ತೆರೆದಳು.

"ಬೇಡ" ಅಂದಳು ಮಾರೀನ್. "ನಿನ್ನ ಸಾರಿ ಇಟ್ಕೊಂಡು ನಾನೇನು ಮಾಡಲಿ?"

ತೀರ್ಪು ಮಾರ್ಚ್ ಮೂರನೆಯ ವಾರ ಬಂತು. ಎರಡು ವರ್ಷ ಯಾವ ಓಟದಲ್ಲೂ ಓಡುವಂತಿಲ್ಲ. ಸಂದೇಶ ಕಳಿಸಿದ್ದು ಗಣನೆಗೆ ಬರಲಿಲ್ಲ. ಟೆಂಟಿಗೆ ತಿಳಿಸಬೇಕಾದವಳು ಓಟಗಾರ್ತಿಯೇ, ಅಪ್ಪನಲ್ಲ ಎಂದು ಒಂದೇ ವಾಕ್ಯದಲ್ಲಿ ಬರೆದಿದ್ದರು. ಅಂದರೆ ಅಪ್ಪನನ್ನು ಹಿಡಿದುಕೊಟ್ಟದ್ದೂ ದಂಡ. ನಾರ್ವೆಯಿಂದ ಬಂದದ್ದು ಎರಡೇ ಸಾಲು: ನಿಮ್ಮ ಹೆಸರನ್ನು ತೆಗೆದಿದ್ದೇವೆ, ಶುಭವಾಗಲಿ. ಹತ್ತೊಂಬತ್ತು ವರ್ಷದ ಓಟ ಅಲ್ಲಿಗೆ ಮುಗಿಯಿತು.

ಯುಗಾದಿಗೆ ಅಮ್ಮ ಫೋನ್ ಮಾಡಿದಳು. "ಸಟನ್ ಕೋಲ್ಡ್‌ಫೀಲ್ಡ್ ಹಾಲ್‌ನಲ್ಲಿ ಕನ್ನಡದವರೆಲ್ಲಾ ಸೇರ್ತಾರೆ. ಒಂದಿನ ಬಂದು ಮುಖ ತೋರಿಸಿ ಹೋಗೇ. ಜನ ಏನೇನೋ ಅಂತಾರೆ."

"ಏನಂತಾರೆ?"

"ನಿಮ್ಮಪ್ಪ ಎಲ್ಲರಿಗೂ ಕಾಲು ಉಳುಕಿದೆ ಅಂತ ಹೇಳಿದ್ದಾರೆ."

ಶಿವಗಂಗಾ ಹೋದಳು. ಹಾಲ್‌ನ ಬಾಗಿಲಲ್ಲೇ ಶುಭಾ ಅವಳನ್ನು ಪಕ್ಕಕ್ಕೆ ಎಳೆದು ಕೈಚೀಲದಿಂದ ಹೊಸ ಕ್ರೇಪ್ ಬ್ಯಾಂಡೇಜಿನ ಸುರುಳಿ ತೆಗೆದು ಕೊಟ್ಟಳು. "ಕಟ್ಕೊಂಡು ಒಳಗೆ ಬಾ. ಬಲಗಾಲು."

ಕಟ್ಟಿಕೊಂಡಳು. ಯಾಕೆ ಕಟ್ಟಿಕೊಂಡಳೋ ಅವಳಿಗೇ ಗೊತ್ತಿಲ್ಲ. ಒಳಗೆ ನಲವತ್ತು ಜನ, ಹೋಳಿಗೆಯ ವಾಸನೆ, ಗೋಡೆಗೆ ಒರಗಿ ಬ್ಲೇಜರ್ ತೊಟ್ಟ ನಾಗಭೂಷಣ. ಕುಂಟುತ್ತಾ ಬಂದವಳನ್ನು ಹೆಂಗಸರು ಕುರ್ಚಿ ಎಳೆದು ಕೂರಿಸಿದರು. ಅಯ್ಯೋ ಪಾಪ, ನಾರ್ವೆ ಟೀಮಿಗೆ ಇನ್ನೇನು ಆಗಿಹೋಗಿತ್ತು, ಕಣ್ಣು ಬಿತ್ತು. ಅಷ್ಟರಲ್ಲಿ ಡಾಕ್ಟರ್ ಸಿದ್ದರಾಮಪ್ಪ ಬಂದರು. ಧಾರವಾಡದವರು, ನಲವತ್ತು ವರ್ಷ ಬರ್ಮಿಂಗ್‌ಹ್ಯಾಂನಲ್ಲಿ ಮೂಳೆ ಜೋಡಿಸಿದವರು. ಯಾರೂ ಕರೆಯದಿದ್ದರೂ ನೆಲಕ್ಕೆ ಕುಕ್ಕರಿಸಿ ಅವಳ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಎಲ್ಲಿ ನೋವೈತಿ ತಂಗಿ?" ಬ್ಯಾಂಡೇಜ್ ಸುರುಳಿ ಬಿಚ್ಚುತ್ತಲೇ ಕೇಳಿದರು. ಹೆಬ್ಬೆರಳಿನಿಂದ ಒತ್ತಿದರು. "ಇಲ್ಲೇನ? ಇಲ್ಲೇನ?"

"ಅಲ್ಲೇ" ಅಂದಳು ಶಿವಗಂಗಾ.

ಅವರು ಹಿಮ್ಮಡಿ ಹಿಡಿದು ಆಚೆ ಈಚೆ ತಿರುಗಿಸಿದರು. ಕಾಲು ಎಣ್ಣೆ ಬಿಟ್ಟ ಕೀಲಿನ ಹಾಗೆ ತಿರುಗಿತು. ಮುದುಕರ ಮುಖ ಅರಳಿತು.

"ಯಾರ ಹೇಳ್ಯಾರ ಇದಕ್ಕ ಉಳುಕ ಅಂತ? ಕುದರಿ ಕಾಲ ಅದಾವ ನಿನ್ನವು. ನಾಳಿಂದನ ಓಡು!"

ಯಾರೋ ಚಪ್ಪಾಳೆ ತಟ್ಟಿದರು. ಆ ಸದ್ದು ಅರ್ಧಕ್ಕೇ ನಿಂತಿತು. ನಲವತ್ತು ಜೋಡಿ ಕಣ್ಣು ಕಾಲಿನಿಂದ ನಾಗಭೂಷಣನ ಮುಖಕ್ಕೆ ಹೋದವು.

"ಡಾಕ್ಟರೇ, ಸರಿಯಾಗಿ ನೋಡಿ" ಅಂದ ಅವನು.

"ನೋಡೀನಲ್ಲೋ ಮಾರಾಯ."

ನೆಲದ ಮೇಲೆ ಬಿದ್ದಿದ್ದ ಬ್ಯಾಂಡೇಜನ್ನು ಶಿವಗಂಗಾ ಎತ್ತಿಕೊಂಡಳು. ಬರಿಗಾಲನ್ನು ಅಪ್ಪನ ಕಡೆಗೆ ಚಾಚಿದಳು.

"ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ. ಎಲ್ಲಿ ಉಳುಕಿದೆ ಅಂತ ನಿಮಗೇ ಗೊತ್ತಲ್ಲ. ಕಟ್ಟಿ, ಅಪ್ಪ."

ನಾಗಭೂಷಣ ಹೆಂಡತಿಯನ್ನು ನೋಡಿದ. ಶುಭಾ ಕಣ್ಣು ಮುಚ್ಚಿಕೊಂಡಿದ್ದಳು. ಜನ ನೋಡುತ್ತಿದ್ದರು, ಬೇರೆ ದಾರಿಯಿರಲಿಲ್ಲ. ಬಂದು ಮಂಡಿಯೂರಿ ಪಾದವನ್ನು ಕೈಗೆ ತೆಗೆದುಕೊಂಡು ಮೊದಲ ಸುತ್ತು ಸುತ್ತಿದ.

"ಎಣಿಸಿ" ಅಂದಳು ಮಗಳು.

ಅವನು ತಲೆಯೆತ್ತಲಿಲ್ಲ.

"ಜೋರಾಗಿ. ಕೇಳಿಸ್ತಿಲ್ಲ."

"ಒಂದು" ಅಂದ ನಾಗಭೂಷಣ. "ಎರಡು. ಮೂರು."

ಪಟ್ಟಿ ಒಂಬತ್ತಕ್ಕೇ ಮುಗಿಯಿತು. ಸಿಕ್ಕಿಸಲು ಪಿನ್ ಇರಲಿಲ್ಲ. ತುದಿಯನ್ನು ಹಾಗೇ ಹಿಡಿದುಕೊಂಡು ಅವನು ಅಲ್ಲೇ ಕುಳಿತಿದ್ದ.